ಎನೋಕನ ಬಿಳಿ ತೊಗಲು

ಗಂಡಸಾದವನು ನೆರೆಮನೆಯ ಬಾಗಿಲು ತಟ್ಟಿ ಏನೇನು ಕೇಳಬಹುದು ಎಂಬುದಕ್ಕೆ ಮಂಜಿನ ಕಡಲ ದಂಡೆಯ ನಮ್ಮ ಉಜರಾಸುಕ್ ಊರಿನಲ್ಲಿ ಒಂದು ಲೆಕ್ಕವಿದೆ. ಕಾಫಿಪುಡಿ ಕೇಳಬಹುದು. ಸೀಮೆಎಣ್ಣೆ ಕೇಳಬಹುದು. ಬೇಟೆಗೆ ಹೊರಟಾಗ ಗುಂಡು ಸಾಲದಿದ್ದರೆ ಅದನ್ನೂ ಕೇಳಬಹುದು, ಯಾರೂ ಇಲ್ಲವೆನ್ನುವುದಿಲ್ಲ. ಆದರೆ ಎನೋಕ್ ಕೇಳಿದ್ದನ್ನು ಮಾತ್ರ ನಮ್ಮ ಕಾಲದ ಯಾವ ಗಂಡಸೂ ಕೇಳಿದವನಲ್ಲ. ಅವನು ಕೇಳಿದ, ಊರು ಕೊಟ್ಟಿತು. ಆಮೇಲೆ ಪಟ್ಟಣದಿಂದ ಹೆಲಿಕಾಪ್ಟರಿನಲ್ಲಿ ಪೊಲೀಸ್ ಬಂದ, ನಾಯಿಗಳು ಕುಡಿದು ತೂರಾಡಿದವು, ಊರಿನ ಅಧ್ಯಕ್ಷ ಎಲ್ಲರೆದುರು ಹೆತ್ತ ತಾಯಿಯ ಕೈಯಲ್ಲಿ ಬೈಸಿಕೊಂಡ. ಇಷ್ಟಕ್ಕೂ ಕಾರಣ ಸೀಲ್ ಎಂಬ ಕಡಲಪ್ರಾಣಿಯ ಒಂದು ತೊಗಲು.

ಎನೋಕ್ ಕೆಟ್ಟವನಲ್ಲ. ಪುರಸಭೆಯ ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟು, ಮನೆಮನೆಯ ಕಕ್ಕಸಿನ ಚೀಲಗಳನ್ನು ಜಾರುಬಂಡಿಗೆ ಹೇರಿಕೊಂಡು ಹೋಗಿ ಊರಾಚೆ ಸುರಿಯುವುದು ಅವನ ಸಂಬಳದ ಕೆಲಸ. ಆದರೆ ಹೊರಗಿನವರು ಯಾರಾದರೂ ಏನು ಮಾಡಿಕೊಂಡಿದ್ದೀಯ ಎಂದು ಕೇಳಿದರೆ ಎದೆ ಮುಂದೆ ಮಾಡಿ 'ಬೇಟೆಗಾರ' ಎನ್ನುತ್ತಾನೆ. ಬೇಟೆಗಾರನಿಗೆ ಬೇಕಾದದ್ದೆಲ್ಲ ಅವನಲ್ಲಿ ಇತ್ತು. ಬಂದೂಕು ಇತ್ತು, ಬಂಡಿ ಇತ್ತು, ಅದನ್ನು ಎಳೆಯುವ ಎಂಟು ನಾಯಿಗಳಿದ್ದವು. ಇಲ್ಲದ್ದು ಸೀಲ್ ಒಂದೇ. ಎರಡು ವಸಂತ ಸತತವಾಗಿ ಅವನು ಹೆಪ್ಪುಗಟ್ಟಿದ ಕಡಲ ಮಂಜಿನ ಮೇಲಿಂದ ಬರಿಗೈಯಲ್ಲಿ ಬಂದಿದ್ದ. ಅವನ ನಾಯಿಗಳು ಅಂಗಡಿಯಲ್ಲಿ ಚೀಲಕ್ಕೆ ಕಟ್ಟಿ ಮಾರುವ ಒಣ ತಿಂಡಿ ತಿನ್ನುತ್ತಿದ್ದವು. ನಮ್ಮ ಊರಿನಲ್ಲಿ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ನಾಯಿಗಳಿಗೂ ಅದು ಗೊತ್ತಿತ್ತು, ಬೇರೆಯವರ ನಾಯಿಗಳ ಮುಂದೆ ಹಾಯುವಾಗ ಅವು ತಲೆ ಎತ್ತುತ್ತಿರಲಿಲ್ಲ.

ಚಳಿಗಾಲ ಕಳೆದು ಸೂರ್ಯ ಮತ್ತೆ ಮುಖ ತೋರಿಸಿದ ದಿನಗಳು. ಗಾಬಾನ ಮಗಳ ಹುಟ್ಟುಹಬ್ಬದ ಕಾಫಿಗೆ ಊರೆಲ್ಲ ಸೇರಿತ್ತು. ಗಾಬಾ ಎಂದರೆ ಎನೋಕನ ಹೆಂಡತಿ ಬೆನೆಡಿಕ್ತೆಯ ತಮ್ಮ, ಊರ ಸಮಿತಿಯ ಅಧ್ಯಕ್ಷ, ಮತ್ತು ಯಾವುದೇ ಹೊಸ ವಸ್ತು ಕೊಂಡರೂ ಹತ್ತು ಜನರಿಗೆ ತೋರಿಸದೆ ನಿದ್ದೆ ಮಾಡದ ಮನುಷ್ಯ. ಅಂದು ಅವನು ಪಟ್ಟಣದಿಂದ ತರಿಸಿದ ಬಿಳಿ ಬಟ್ಟೆಯ ಬೇಟೆಮರೆಯನ್ನು ಕೇಕುಗಳ ಮಧ್ಯೆ ನಿಲ್ಲಿಸಿದ್ದ. ವಸಂತದಲ್ಲಿ ಸೀಲ್‌ಗಳು ಮಂಜಿನ ಮೇಲೆ ಬಿಸಿಲು ಕಾಯುತ್ತ ಮಲಗುತ್ತವೆ. ಆ ಮರೆಯನ್ನು ಮುಂದೆ ತಳ್ಳಿಕೊಂಡು, ಅದರ ಹಿಂದೆ ಹೊಟ್ಟೆ ಹೊಸೆಯುತ್ತ ಹೋಗಿ, ಮಧ್ಯದ ತೂತಿನಿಂದ ಗುಂಡು ಹಾರಿಸಬೇಕು.

ಎಲ್ಲರೂ ಮರೆಯನ್ನು ಮುಟ್ಟಿ ಮುಟ್ಟಿ ಹೊಗಳಿದರು. ಎನೋಕನಿಗೆ ತಡೆಯಲಾಗಲಿಲ್ಲ.

"ಬಟ್ಟೆ ಗಾಳಿಗೆ ಪಟಪಟ ಅನ್ನುತ್ತೆ," ಎಂದ, ಬಾಯಲ್ಲಿ ಕೇಕು ಇಟ್ಟುಕೊಂಡೇ. "ಸೀಲ್‌ಗೆ ಕಿವಿ ಇಲ್ವಾ? ನಮ್ಮ ತಾತಂದು ತೊಗಲಿನ ಮರೆ. ಬಿಳಿ ತೊಗಲು. ಎಂಥಾ ಗಾಳಿ ಬಂದ್ರೂ ಮಿಸುಕ್ತಿರಲಿಲ್ಲ."

"ಭಾವ, ನಿನ್ನ ಮರೆಯಲ್ಲಿ ಎರಡು ವರ್ಷದಿಂದ ಪಟಪಟ ಅಂತಿರೋದು ಬಟ್ಟೆಯಲ್ಲ, ನಿನ್ನ ಎದೆ," ಎಂದ ಗಾಬಾ. ಊರು ಗೊಳ್ಳೆಂದು ನಕ್ಕಿತು.

ಬೆನೆಡಿಕ್ತೆ ನಗಲಿಲ್ಲ. ಮೀನಿನ ಕಾರ್ಖಾನೆಯಲ್ಲಿ ಇಡೀ ದಿನ ಹಾಲಿಬಟ್ ಮೀನು ಕೊಯ್ದು ಸಾಕಾಗಿದ್ದವಳು. "ಎಲ್ಲರ ಮುಂದೆ ಹೇಳ್ತೀನಿ ಕೇಳು ಎನೋಕ್," ಎಂದಳು. "ನಾನು ಮೀನು ಕೊಯ್ದು ದುಡಿಯೋದೆಲ್ಲ ನಿನ್ನ ನಾಯಿಗಳ ಹೊಟ್ಟೆಗೇ ಹೋಗ್ತಿದೆ. ಈ ಸಲ ಮಂಜು ಒಡೆಯೋದ್ರೊಳಗೆ ಒಂದು ಸೀಲ್ ತಂದ್ಯೋ ಸರಿ. ಇಲ್ದಿದ್ರೆ ನಾಯಿಗಳು ಗಾಬಾನ ಮನೆಗೆ."

ಗಾಬಾನ ಕಣ್ಣು ಮಿನುಗಿತು. ಎನೋಕನ ಮುಂದಾಳು ನಾಯಿ ಕರಿಮೂತಿಯ ಮೇಲೆ ಅವನಿಗೆ ಹಳೆಯ ಆಸೆ. ನಾಯಿ ಇಲ್ಲದ ಗಂಡಸು ನಮ್ಮಲ್ಲಿ ಬರೀ ಕಕ್ಕಸಿನ ಚೀಲ ಎತ್ತುವವನು, ಅಷ್ಟೇ. ಎನೋಕ್ ಕೇಕಿನ ತಟ್ಟೆ ಕೆಳಗಿಟ್ಟ.

"ತರ್ತೀನಿ!" ಎಂದು ಎದ್ದು ನಿಂತ. "ತೊಗಲಿನ ಮರೆ ಮಾಡ್ಸಿ ತರ್ತೀನಿ! ಶರತ್ಕಾಲದಲ್ಲಿ ಮೀನಿನ ಬಲೆಗೆ ತಾನಾಗೇ ಬಿದ್ದಿದ್ದ ಸೀಲಿನ ತೊಗಲು ಇನ್ನೂ ಉಗ್ರಾಣದಲ್ಲಿದೆ."

"ಬಿಳುಪು ಮಾಡೋರು ಯಾರು?" ಎಂದ ಗಾಬಾ.

ಎಲ್ಲರೂ ಮೂಲೆಯತ್ತ ತಿರುಗಿದರು. ಅಲ್ಲಿ ಬೆನೆಡಿಕ್ತೆ ಮತ್ತು ಗಾಬಾರ ತಾಯಿ ರೆಗಿನೆ ಕೂತಿದ್ದಳು. ಸೀಲಿನ ತೊಗಲನ್ನು ಹಿಮದಷ್ಟು ಬೆಳ್ಳಗೆ ಮಾಡುವುದು ಹೆಂಗಸರ ವಿದ್ಯೆ. ನಮ್ಮ ಊರಿನಲ್ಲಿ ಅದು ಉಳಿದಿದ್ದು ಆಕೆಯೊಬ್ಬಳ ಕೈಯಲ್ಲಿ. ಆದರೆ ಹಿಂದಿನ ವರ್ಷ ಆಕೆ ಮೊಮ್ಮಗಳ ಬೂಟಿಗೆಂದು ಬಿಳುಪು ಮಾಡಿ ಒಣಹಾಕಿದ್ದ ತೊಗಲನ್ನು ಎನೋಕನ ನಾಯಿಗಳು ತಿಂದು ಮುಗಿಸಿದ್ದವು. ಅಂದಿನಿಂದ ಆಕೆ ಅಳಿಯನೊಂದಿಗೆ ಮಾತು ಬಿಟ್ಟಿದ್ದಳು.

"ಬೆನೆಡಿಕ್ತೆ," ಎಂದಳು ರೆಗಿನೆ, ಎದುರಿಗೇ ನಿಂತಿದ್ದ ಎನೋಕನನ್ನು ನೋಡದೆ. "ನಿನ್ನ ಗಂಡನಿಗೆ ಹೇಳು. ನಾನು ಸತ್ತು ಮಣ್ಣಾದ್ರೂ ಅವನ ತೊಗಲು ಮುಟ್ಟಲ್ಲ."

"ಯಾರು ಕೇಳಿದ್ರು?" ಎಂದ ಎನೋಕ್. "ನಾನು ಬೇರೆ ಕಡೆ ಏರ್ಪಾಡು ಮಾಡಿದೀನಿ."

ಬೇರೆ ಕಡೆ ಎಂದರೆ ಎಲ್ಲಿ, ಯಾವ ಹೆಂಗಸು ಎಂದು ಬೆನೆಡಿಕ್ತೆ ದಾರಿಯುದ್ದಕ್ಕೂ ಕೇಳಿದಳು. ಏರ್ಪಾಡು ಇದ್ದರಲ್ಲವೆ ಹೇಳುವುದಕ್ಕೆ! ಮನೆ ಮುಟ್ಟುವಷ್ಟರಲ್ಲಿ ಎನೋಕ್ ನಿರ್ಧಾರ ಮಾಡಿಬಿಟ್ಟಿದ್ದ. ತಾನೇ ಮಾಡುವುದು, ಯಾರಿಗೂ ಗೊತ್ತಾಗದ ಹಾಗೆ ಮಾಡುವುದು. ಗಂಡಸು ತೊಗಲು ಹೆರೆಯುತ್ತಿದ್ದಾನೆಂದು ತಿಳಿದರೆ ಗಾಬಾ ಅದನ್ನೇ ಹಾಡು ಕಟ್ಟಿ ಹಾಡುತ್ತಾನೆಂದು ಅವನಿಗೆ ಗೊತ್ತಿತ್ತು.

ಮರುದಿನ ಕುಡಿಯುವ ನೀರಿಗೆಂದು ಒಳ್ಳೆಯ ಮಂಜುಗಡ್ಡೆಯೊಂದನ್ನು ಹೆಗಲ ಮೇಲೆ ಹೊತ್ತು ಅವನು ಅತ್ತೆಯ ಮನೆಗೆ ಹೋದ.

"ಅತ್ತೆ, ಕಾಫಿಗೆ ಮಂಜುಗಡ್ಡೆ ತಂದಿದೀನಿ."

ರೆಗಿನೆ ಒಲೆಯ ಮೇಲಿನ ಕೆಟಲಿನತ್ತ ತಿರುಗಿದಳು. "ಕೇಳಿದ್ಯಾ ಕೆಟಲ್? ನನ್ನ ತೊಗಲು ತಿಂದೋನು ನೀರು ತಂದಿದಾನೆ."

"ತಿಂದಿದ್ದು ನಾಯಿಗಳು, ಅತ್ತೆ."

"ಕಟ್ಟಿ ಹಾಕದೇ ಇದ್ದೋನು ಯಾರು ಅಂತ ಕೇಳು ಕೆಟಲ್."

ಎನೋಕ್ ಟೋಪಿ ತೆಗೆದು ಬಾಗಿಲ ಬಳಿ ಕೂತ. ಕಡೆಗೆ ಮುದುಕಿಯೇ ಕೆಟಲಿಗೆ ಹೇಳತೊಡಗಿದಳು.

"ಈಗಿನೋರಿಗೆ ಏನು ಗೊತ್ತು? ಬಿಸಿನೀರಲ್ಲಿ ಅದ್ದಿ ಕೂದಲು ತೆಗೀಬೇಕು. ಕೂದಲ ಕೆಳಗೆ ಕರೀ ಪದರ ಇರುತ್ತೆ, ಅದನ್ನೂ ಹೆರೀಬೇಕು. ನೀರು ಜಾಸ್ತಿ ಕಾದ್ರೆ ತೊಗಲು ಹೋಗಿ ಸಾರಾಗುತ್ತೆ. ಆಮೇಲೆ ಜಿಡ್ಡು. ಜಿಡ್ಡು ಉಳಿದ್ರೆ ಬಿಳುಪಾಗಲ್ಲ, ಹಳದಿಯಾಗುತ್ತೆ. ನಮ್ಮಮ್ಮ ಏನು ಹಾಕ್ತಿದ್ಲು ಹೇಳು? ಉಚ್ಚೆ. ಹಳೇದಾಗಿ ಮೂಗು ಕಚ್ಚಬೇಕು. ಒಂದು ಮನೇದು ಎಲ್ಲಿ ಸಾಲುತ್ತೆ, ಊರಿಂದೆಲ್ಲ ಬೇಕು. ಅದರಲ್ಲಿ ನೆನೆಹಾಕಿ, ತೊಳೆದು, ಚೌಕಟ್ಟಿಗೆ ಬಿಗಿದು ಹೊರಗಿಟ್ರೆ ಮಿಕ್ಕಿದ್ದನ್ನ ಚಳಿ, ಗಾಳಿ, ಬಿಸಿಲು ನೋಡ್ಕೊಳ್ಳುತ್ತೆ."

ಎನೋಕ್ ಎದ್ದು ನಿಂತು ಕೆಟಲಿಗೆ ಕೈಮುಗಿದು ಬಂದ.

ಕೂದಲು ತೆಗೆಯುವ ಕೆಲಸ ಹೇಗೋ ಆಯಿತು. ಶೆಡ್ಡಿನ ಬಾಗಿಲು ಹಾಕಿಕೊಂಡು, ಬೆನೆಡಿಕ್ತೆಯ ಅರ್ಧಚಂದ್ರದ ಕತ್ತಿ ಕದ್ದು, ಹೆರೆದ. ಆ ಕತ್ತಿ ಹೆಂಗಸರದ್ದು, ಗಂಡಸಿನ ಕೈಗೆ ಒಗ್ಗುವುದಿಲ್ಲ. ತೊಗಲಿಗಿಂತ ಹೆಚ್ಚಾಗಿ ಬೆರಳುಗಳೇ ಹೆರೆದುಹೋದವು. ಇನ್ನುಳಿದದ್ದು ಮೂತ್ರ. ಕಕ್ಕಸಿನ ಚೀಲದ್ದು ಬಳಸೋಣವೆಂದರೆ ಅದರಲ್ಲಿ ಪುರಸಭೆಯವರು ಕೊಡುವ ನೀಲಿ ಔಷಧ ಬೆರೆತಿರುತ್ತದೆ. ಹಾಗಾಗಿ ಒಂದು ಬೆಳಗ್ಗೆ ಅವನು ಅದೇ ಕಿತ್ತಳೆ ಜಾಕೆಟ್ ತೊಟ್ಟು, ಬಂಡಿಯ ತುಂಬ ಖಾಲಿ ಪ್ಲಾಸ್ಟಿಕ್ ಕ್ಯಾನು ಹೇರಿಕೊಂಡು, ಮೊದಲು ಉಪದೇಶಿ ಬರ್ನಬಾಸ್‌ನ ಬಾಗಿಲು ತಟ್ಟಿದ. ಪಾದ್ರಿ ಇಲ್ಲದ ನಮ್ಮ ಊರಿನಲ್ಲಿ ಭಾನುವಾರದ ಪ್ರಾರ್ಥನೆ ನಡೆಸುವವನು ಬರ್ನಬಾಸನೇ.

"ಉಪದೇಶಿಗಳೇ, ಈ ಕ್ಯಾನಿಗೆ ಸ್ವಲ್ಪ ತುಂಬಿಸಿ ಕೊಡ್ತೀರಾ? ಬೆಳಗ್ಗೆ ಎದ್ದ ತಕ್ಷಣದ್ದಾದ್ರೆ ಒಳ್ಳೇದು."

"ಏನು ತುಂಬಿಸ್ಲಿ?"

"ಅದೇ... ಒಂದಕ್ಕೆ ಹೋಗ್ತೀರಲ್ಲ, ಅದು. ನಾಳೆಯಿಂದ ಚೀಲಕ್ಕೆ ಬೇಡ, ಇದಕ್ಕೆ."

ಬರ್ನಬಾಸ್ ಕ್ಯಾನನ್ನು ನೋಡಿದ, ಜಾಕೆಟಿನ ಮೇಲಿನ ಪುರಸಭೆಯ ಮುದ್ರೆಯನ್ನು ನೋಡಿದ. "ಯಾಕೆ?"

ಇಲ್ಲಿ ಎನೋಕ್ ನಿಜ ಹೇಳಿಬಿಟ್ಟಿದ್ದರೆ ನಮಗೆ ಈ ಕಥೆಯೇ ಇರುತ್ತಿರಲಿಲ್ಲ. ಅವನು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿ, "ಆರೋಗ್ಯದ ವಿಷಯ ಅಂತ ಇಟ್ಕೊಳ್ಳಿ," ಎಂದ.

ಬರ್ನಬಾಸನ ಮುಖ ಬಿಳಿಚಿಕೊಂಡಿತು. ತೊಗಲು ಅಷ್ಟು ಬೇಗ ಬಿಳಿಚಿಕೊಂಡಿದ್ದರೆ ಎನೋಕನ ಕೆಲಸ ಅಂದೇ ಮುಗಿಯುತ್ತಿತ್ತು.

ಹೆದರಲು ಕಾರಣವಿತ್ತು. ಹೊಸವರ್ಷದಲ್ಲಿ ಕುಡಿದ ಗಂಡಸರು ಶಾಲೆಯ ಕಿಟಕಿ ಒಡೆದು, ಒಬ್ಬರ ಮನೆಯೆಂದು ಇನ್ನೊಬ್ಬರ ಮನೆಗೆ ನುಗ್ಗಿ ಮಲಗಿ ದೊಡ್ಡ ರಂಪವಾಗಿತ್ತು. ಮಂಜು ಒಡೆಯುವವರೆಗೆ ಯಾರೂ ಮನೆಯಲ್ಲಿ ಬಿಯರ್ ಹುಳಿ ಹಾಕಕೂಡದು ಎಂದು ಅಧ್ಯಕ್ಷ ಗಾಬಾ ಅಂಗಡಿಯ ಬಾಗಿಲಿಗೆ ಚೀಟಿ ಅಂಟಿಸಿದ್ದ. ಅಂಟಿಸುವ ಹೊತ್ತಿನಲ್ಲಿ ಅವನ ಸ್ವಂತ ಪೀಪಾಯಿ ಒಲೆಯ ಹಿಂದೆ ಬುಸುಗುಡುತ್ತಿತ್ತು. ಬರ್ನಬಾಸನದ್ದು ಹಾರ್ಮೋನಿಯಂ ಹಿಂದೆ. ಹೇಳುತ್ತ ಹೋದರೆ ಪೀಪಾಯಿ ಇಲ್ಲದ ಮನೆ ಯಾವುದು ಎಂದು ಹುಡುಕಬೇಕು.

ಎನೋಕ್ ಮುಂದಿನ ಮನೆಗೆ ಹೋಗುವ ಮೊದಲೇ ಬರ್ನಬಾಸ್ ಹಿಂಬಾಗಿಲಿನಿಂದ ಗಾಬಾನ ಮನೆಗೆ ಓಡಿದ್ದ.

"ಗಾಬಾ! ಯಾರು ಕುಡಿದಿದಾರೆ ಅಂತ ಪರೀಕ್ಷೆ ಮಾಡ್ತಿದಾರೆ! ಉಚ್ಚೇಲಿ ಗೊತ್ತಾಗುತ್ತಂತೆ!"

"ನಾನು ಅಧ್ಯಕ್ಷ. ನನಗೆ ಗೊತ್ತಿಲ್ದೇ ಪರೀಕ್ಷೆಯಾ?"

"ಅಧ್ಯಕ್ಷನ್ನೇ ಹಿಡೀಬೇಕು ಅಂದ್ರೆ ಅಧ್ಯಕ್ಷನಿಗೆ ಹೇಳ್ತಾರಾ?"

ಅಷ್ಟರಲ್ಲಿ ಎನೋಕ್ ಆ ಮನೆಗೂ ಬಂದು ಒಂದು ಕ್ಯಾನು ಕೊಟ್ಟು ಹೋದ. ಗಾಬಾ ಹೆಂಡತಿಯ ಮುಂದೆ ಅದನ್ನು ಹಿಡಿದು, "ನೀನು ಒಂದು ತೊಟ್ಟೂ ಕುಡಿಯಲ್ಲ ಅಲ್ವಾ, ಇದನ್ನ ನೀನೇ ತುಂಬಿಸು," ಎಂದು ಅಂಗಲಾಚಿದ. "ಕುಡಿದಿದ್ದು ನೀನು, ತುಂಬಿಸೋದು ನಾನಾ?" ಎಂದು ಆಕೆ ಕ್ಯಾನನ್ನು ಅವನ ಕಾಲ ಮೇಲೆಯೇ ಕುಕ್ಕಿದಳು. ಗಾಬಾ ಸುತ್ತಮುತ್ತ ನೋಡಿದ. ಮೇಜಿನ ಮೇಲೆ ಬೆಳಗಿನ ಚಹಾ ಪಾತ್ರೆಯ ತುಂಬ ತಣ್ಣಗೆ ಕೂತಿತ್ತು. ಬಣ್ಣ ಸ್ವಲ್ಪ ಗಾಢವಾಯಿತೇನೋ, ಆದರೆ ಹೆದರಿದವನಿಗೆ ಬಣ್ಣದ ವಿವೇಚನೆ ಇರುವುದಿಲ್ಲ.

ಬರ್ನಬಾಸ್ ತನ್ನ ಮುದಿ ನಾಯಿಯ ಹಿಂದೆ ಕ್ಯಾನು ಹಿಡಿದುಕೊಂಡು ಅರ್ಧ ದಿನ ತಿರುಗಿದ. ಅಂಗಡಿಯ ಅಮೋಸ್ ಹಿಮ ಕರಗಿಸಿದ ನೀರಿಗೆ ಕೋಳಿ ಸೂಪಿನ ಪುಡಿ ಕದಡಿದ. ಹೀಗೆ ಪ್ರತಿ ಮನೆಯೂ ತನ್ನ ತನ್ನ ಬುದ್ಧಿಗೆ ತಕ್ಕಂತೆ ಕ್ಯಾನು ತುಂಬಿಸಿ, ಮುಗುಳ್ನಗುತ್ತ ಎನೋಕನ ಕೈಗೆ ಕೊಟ್ಟಿತು. ಎನೋಕನಿಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಎಷ್ಟು ಒಳ್ಳೆಯ ಜನ, ಏನೂ ಮರುಪ್ರಶ್ನೆ ಮಾಡದೆ ಕೊಟ್ಟರಲ್ಲ! ಎಲ್ಲವನ್ನೂ ಶೆಡ್ಡಿನ ದೊಡ್ಡ ಪೀಪಾಯಿಗೆ ಸುರಿದು, ಒಲೆ ಹಚ್ಚಿ ಬೆಚ್ಚಗಿಟ್ಟು, ತೊಗಲನ್ನು ಮುಳುಗಿಸಿದ. ಮೂಗು ಕಚ್ಚುವ ವಾಸನೆ ಬರಲಿಲ್ಲ. ಊರಿನವರ ಆಹಾರಪದ್ಧತಿ ಸುಧಾರಿಸಿರಬೇಕು ಎಂದುಕೊಂಡ.

ತೊಂದರೆ ಬಂದದ್ದು ಆರೋಗ್ಯ ಕೇಂದ್ರದಿಂದ. ಅದನ್ನು ನೋಡಿಕೊಳ್ಳುವವಳು ಸಬೀನೆ. ಊರಿನಲ್ಲಿ ಯಾರ ಹಲ್ಲು ನೋಯುತ್ತಿದೆ, ಯಾರ ಹೊಟ್ಟೆ ಕಟ್ಟಿದೆ ಎಂಬುದು ಅವರಿಗಿಂತ ಮೊದಲು ತನಗೆ ಗೊತ್ತಿರಬೇಕೆಂಬ ಹಟದವಳು. ಅವಳ ಹತ್ತಿರ ಹೋಗಿ ಅಮೋಸ್, "ಪರೀಕ್ಷೆ ಫಲಿತಾಂಶ ಯಾವಾಗ ಬರುತ್ತೆ?" ಎಂದು ಕೇಳಿದ.

"ಯಾವ ಪರೀಕ್ಷೆ?"

"ಓ, ನಿಂಗೂ ಹೇಳಿಲ್ವಾ! ಹಾಗಾದ್ರೆ ಭಾರೀ ಗುಟ್ಟಿಂದು ಬಿಡು."

ತನಗೆ ಹೇಳದೆ ಊರಿನ ಉಚ್ಚೆ ಎತ್ತುವುದೆಂದರೇನು! ಸಬೀನೆ ಕೋಟು ಹಾಕಿಕೊಳ್ಳುವುದನ್ನೂ ಮರೆತು ಹೊರಗೆ ಬಂದು ಎನೋಕನ ಬಂಡಿಗೆ ಅಡ್ಡ ನಿಂತಳು.

"ಯಾರ ಅಪ್ಪಣೆ ಮೇಲೆ ಎತ್ತುತಿದೀಯ?"

"ಇದು ನನ್ನ ಸ್ವಂತ ವಿಷಯ, ಸಬೀನೆ."

"ನಂದು, ಅಮೋಸಂದು, ಊರಿಂದೆಲ್ಲ ನಿನ್ನ ಸ್ವಂತ ವಿಷಯವಾ?"

"ನಿಂದು ಇನ್ನೂ ಕೊಟ್ಟಿಲ್ಲ ನೀನು," ಎಂದ ಎನೋಕ್, ವಿನಯದಿಂದಲೇ.

ಸಬೀನೆ ಪಟ್ಟಣದ ಆಸ್ಪತ್ರೆಗೆ ಫೋನ್ ಮಾಡಿದಳು. ಅಂಥ ಪರೀಕ್ಷೆ ನಾವು ಹೇಳಿಲ್ಲ ಎಂದರು ಅಲ್ಲಿನವರು. ಹಾಗಾದರೆ ಯಾರೋ ಹೊರದೇಶದವರಿಗೆ ಮಾರುವುದಕ್ಕೆ ನಮ್ಮ ಜನರ ಮೂತ್ರ ಕದಿಯುತ್ತಿರಬಹುದು ಎಂದು ಅವರಲ್ಲೇ ಒಬ್ಬರು ಹೇಳಿದರು. ಆ ಮಾತು ಪೊಲೀಸರ ಕಿವಿಗೆ ಬೀಳುವ ಹೊತ್ತಿಗೆ ಅದರಲ್ಲಿ ಅನುಮಾನ ಉಳಿದಿರಲಿಲ್ಲ.

ಹವೆ ತಿಳಿಯಾದ ಕೂಡಲೇ ಹೆಲಿಕಾಪ್ಟರ್ ಬಂತು. ಅದರಿಂದ ಡೆನ್ಮಾರ್ಕಿನವನಾದ ಉದ್ದನೆಯ ಡಾಕ್ಟರ್ ಒಬ್ಬ ಇಳಿದ, ಅವನ ಹಿಂದೆ ಪೊಲೀಸಿನವನು ಇಳಿದ. ಸಮವಸ್ತ್ರ ಕಂಡದ್ದೇ ತಡ, ಊರಿನ ಹಿಂಬಾಗಿಲುಗಳೆಲ್ಲ ಒಟ್ಟಿಗೆ ತೆರೆದುಕೊಂಡವು. ಪೀಪಾಯಿ ಪೀಪಾಯಿ ಬಿಯರ್ ಹಿಮದ ಮೇಲೆ ಸುರಿಯಿತು. ಅಧ್ಯಕ್ಷರು ತಮ್ಮದನ್ನು ಸುರಿದು, ಮೇಲೆ ಹಿಮ ಎಳೆದು, ಕೋಟಿನ ಗುಂಡಿ ಹಾಕಿಕೊಂಡು ಅತಿಥಿಗಳನ್ನು ಎದುರುಗೊಳ್ಳಲು ಹೋದರು. ಆದರೆ ನಾಯಿಗಳಿಗೆ ಯಾರು ಹೇಳಬೇಕು? ಸರಪಳಿ ಮುಟ್ಟುವಷ್ಟು ದೂರದ ಹಿಮವನ್ನೆಲ್ಲ ಅವು ಬಗೆದು ನೆಕ್ಕಿದವು. ಸ್ವಲ್ಪ ಹೊತ್ತಿಗೆ ಗಾಬಾನ ನಾಯಿಗಳು ಒಂದರ ಮೇಲೊಂದು ಒರಗಿ ಹಾಡತೊಡಗಿದವು. ಬರ್ನಬಾಸನ ಮುದಿ ನಾಯಿ ತನ್ನ ಬಾಲವನ್ನು ಯಾರದೋ ಎಂದು ತಿಳಿದು ಅದಕ್ಕೆ ಗುರುಗುಟ್ಟುತ್ತಿತ್ತು. ಇಡೀ ಊರಿನಲ್ಲಿ ನೆಟ್ಟಗೆ ನಿಂತಿದ್ದದ್ದು ಎನೋಕನ ನಾಯಿಗಳು ಮಾತ್ರ. ಅವನ ಪೀಪಾಯಿಯಲ್ಲಿ ಬಿಯರ್ ಇರಲಿಲ್ಲವಲ್ಲ.

ಡಾಕ್ಟರ್, ಪೊಲೀಸ್, ಸಬೀನೆ, ಅವರ ಹಿಂದೆ ಊರೆಲ್ಲ ಎನೋಕನ ಶೆಡ್ಡಿನ ಮುಂದೆ ಬಂದು ನಿಂತರು. ಎನೋಕ್ ಬಾಗಿಲಿಗೆ ಬೆನ್ನು ಕೊಟ್ಟು ಕೈ ಚಾಚಿ ನಿಂತಿದ್ದ.

"ತೆಗಿ," ಎಂದ ಪೊಲೀಸಿನವನು. "ಕದ್ದಿಟ್ಟ ಮಾಲು ತೋರಿಸು."

"ತೆಗೆಯಲ್ಲ! ಕದ್ದಿಲ್ಲ, ಕೇಳಿ ತಂದಿದೀನಿ. ಕೊಟ್ಟೋರೆಲ್ಲ ಇಲ್ಲೇ ನಿಂತಿದಾರೆ, ಕೇಳಿ ನೋಡಿ!"

ಕೊಟ್ಟವರೆಲ್ಲ ಒಟ್ಟಿಗೆ ತಮ್ಮ ಬೂಟು ನೋಡಿಕೊಂಡರು. ಆಗ ಜನರನ್ನು ಮೊಣಕೈಯಿಂದ ಸರಿಸುತ್ತ ರೆಗಿನೆ ಬಂದಳು. ಅಳಿಯನನ್ನು ಮಾತಾಡಿಸದೆ, ಅವನ ಕಂಕುಳ ಕೆಳಗಿನಿಂದ ನುಸುಳಿ ಬಾಗಿಲು ತಳ್ಳಿ ಒಳಗೆ ಹೋದಳು. ಪೀಪಾಯಿಯೊಳಗೆ ಕೈಹಾಕಿ ತೊಗಲನ್ನು ಎತ್ತಿ ಹಿಡಿದಳು. ಬೆಳ್ಳಗಾಗಬೇಕಿದ್ದ ತೊಗಲು ಕೆಸರು ಹಳದಿಯಾಗಿತ್ತು. ತಳಕ್ಕೆ ಮಡಿಸಿ ಕೂತಿದ್ದ ಭಾಗದಲ್ಲಿ ಕಡುಕಂದು ಬಣ್ಣದ ಕಲೆಯೊಂದು ಅಗಲವಾಗಿ ಹರಡಿಕೊಂಡಿತ್ತು.

ಎನೋಕ್ ಚಾಚಿದ್ದ ಕೈ ಇಳಿಸಿದ. ಇದ್ದದ್ದೊಂದೇ ತೊಗಲು. ಬಾಗಿಲ ಆಚೆ ಕರಿಮೂತಿ ಅವನನ್ನೇ ನೋಡುತ್ತಿತ್ತು.

ರೆಗಿನೆ ಪೀಪಾಯಿಗೆ ಬೆರಳು ಅದ್ದಿ ಮೂಸಿದಳು. ಆಮೇಲೆ ಎಲ್ಲರೂ ನೋಡುತ್ತಿದ್ದಂತೆ ಆ ಬೆರಳನ್ನು ಬಾಯಿಗಿಟ್ಟಳು. ಡಾಕ್ಟರ್ ಎರಡು ಹೆಜ್ಜೆ ಹಿಂದೆ ಸರಿದ.

"ಚಹಾ," ಎಂದಳು. "ಸಕ್ಕರೆ ಹಾಕಿದ್ದು. ಇಷ್ಟೊಂದು ಸಕ್ಕರೆ ಈ ಊರಲ್ಲಿ ಒಬ್ಬನೇ ಹಾಕ್ಕೊಳ್ಳೋದು. ಹೆತ್ತೋಳು ನಾನು, ನಂಗೆ ಗೊತ್ತಿಲ್ವಾ? ಗಾಬಾ, ಬಾ ಇಲ್ಲಿ!"

"ಅಮ್ಮಾ, ಅಧ್ಯಕ್ಷರನ್ನ ಹೀಗೆ..."

"ಅಧ್ಯಕ್ಷ ಅಂತೆ! ಒಂದು ಕ್ಯಾನು ಉಚ್ಚೆ ಹುಯ್ಯೋಕೆ ಧೈರ್ಯ ಇಲ್ದೋನು ಯಾವ ಊರಿಗೋ ಅಧ್ಯಕ್ಷ!"

ಎನೋಕನಿಗೆ ಆಗ ಅರ್ಥವಾಯಿತು. ಜನರತ್ತ ತಿರುಗಿದ. ನಾಚಿಕೆ ಎಲ್ಲಿ ಹೋಯಿತೋ ಏನೋ, ಪೊಲೀಸಿನವನನ್ನು ಪಕ್ಕಕ್ಕೆ ಸರಿಸಿ ಮುಂದೆ ಬಂದ.

"ಉಪದೇಶಿಗಳೇ, ನೀವು ಕೊಟ್ಟಿದ್ದು ಯಾರದ್ದು?"

"ನಾಯೀದು," ಎಂದ ಬರ್ನಬಾಸ್, ಪ್ರಾರ್ಥನೆ ಮಾಡುವ ದನಿಯಲ್ಲಿ.

"ಅಮೋಸ್, ನಿಂದು?"

"ಕೋಳಿ ಸೂಪು."

"ಅಯ್ಯೋ ನಿಮ್ಮ ಮನೆ ಕಾಯ!" ಎನೋಕನ ಕೂಗಿಗೆ ಕುಡಿದ ನಾಯಿಗಳೂ ಸುಮ್ಮನಾದವು. "ಇಷ್ಟು ದೊಡ್ಡ ಊರಲ್ಲಿ ಒಂದು ಪ್ರಾಮಾಣಿಕ ಉಚ್ಚೆ ಸಿಗಲಿಲ್ವಲ್ರೋ ನಂಗೆ! ಹೌದು, ತೊಗಲು ಬಿಳುಪು ಮಾಡ್ತಿದೀನಿ! ನಾನೇ ಮಾಡ್ತಿದೀನಿ! ಹೆಂಡತಿ ಕತ್ತೀಲಿ ಹೆರೆದಿದ್ದೂ ನಾನೇ, ನೋಡಿ ಬೆರಳು! ಹೆಂಗಸರ ಕೆಲಸ ಅಂತ ನಗ್ತೀರಾ? ನಗಿ! ಗಾಬಾ, ಹಾಡು ಕಟ್ಕೋ, ನಾನೇ ತಾಳ ಹಾಕ್ತೀನಿ! ಆದ್ರೆ ನನ್ನ ನಾಯಿಗಳನ್ನ ಮಾತ್ರ ಯಾವನೂ ಮುಟ್ಟೋ ಹಾಗಿಲ್ಲ. ಮುಟ್ಟೋನು ಮೊದಲು ಈ ಕ್ಯಾನು ತುಂಬಿಸಿ ತೋರಿಸ್ಲಿ!"

ಯಾರೂ ನಗಲಿಲ್ಲ. ಸಬೀನೆ ಡಾಕ್ಟರಿಗೆ ಎಲ್ಲವನ್ನೂ ಅನುವಾದಿಸಿ ಹೇಳುತ್ತಿದ್ದಳು, ಅನುವಾದಿಸಬಾರದ್ದನ್ನೂ ಸೇರಿಸಿ. ಪೊಲೀಸಿನವನು ಮೂಗೆಳೆದು, "ಇಲ್ಲಿ ಬಿಯರ್ ವಾಸನೆ ಬರ್ತಿದೆಯಲ್ಲ?" ಎಂದ. ಸರಿಯಾಗಿ ಅದೇ ಹೊತ್ತಿಗೆ ಗಾಬಾನ ನಾಯಿಯೊಂದು ಅವನ ಬೂಟಿನ ಮೇಲೆ ವಾಂತಿ ಮಾಡಿಕೊಂಡಿತು. ಅವನು ನಾಯಿಯನ್ನು ನೋಡಿದ, ಅಧ್ಯಕ್ಷನನ್ನು ನೋಡಿದ. "ನಾನು ಬಂದಿದ್ದು ಉಚ್ಚೆ ವಿಷಯಕ್ಕೆ ಮಾತ್ರ," ಎಂದು ಬೂಟನ್ನು ಹಿಮಕ್ಕೆ ಒರೆಸಿಕೊಂಡ. ಅವನೂ ನಮ್ಮವನೇ ಅಲ್ಲವೆ.

"ಎನೋಕ್," ಎಂದಿತು ಒಂದು ದನಿ.

ಎನೋಕ್ ಬೆಚ್ಚಿದ. ಅತ್ತೆ ಅವನ ಹೆಸರು ಹಿಡಿದು ಕರೆದು ಒಂದು ವರ್ಷದ ಮೇಲಾಗಿತ್ತು. ರೆಗಿನೆ ತೊಗಲನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು.

"ಹೆರೆದಿರೋದು ಪರವಾಗಿಲ್ಲ. ಕೆಟ್ಟದಾಗಿದೆ, ಆದ್ರೂ ಪರವಾಗಿಲ್ಲ. ಚಳಿ ಇನ್ನೂ ಇದೆ. ಇದನ್ನ ತೊಳಿ, ಪೀಪಾಯಿ ಖಾಲಿ ಮಾಡು." ಆಮೇಲೆ ಊರಿನತ್ತ ತಿರುಗಿದಳು. "ನಮ್ಮ ಕಾಲದಲ್ಲಿ ಕೇಳೋರಿಗೂ ನಾಚಿಕೆ ಇರ್ಲಿಲ್ಲ, ಕೊಡೋರಿಗೂ ಇರ್ಲಿಲ್ಲ. ಏನು ನೋಡ್ತಾ ನಿಂತಿದೀರ? ಮನೆಗೆ ಹೋಗಿ ತನ್ನಿ. ಈ ಸಲ ಪ್ರತಿಯೊಂದನ್ನೂ ನಾನೇ ಮೂಸಿ ನೋಡ್ತೀನಿ!"

ಊರು ಕ್ಯಾನು ಹಿಡಿದು ಓಡಿತು. ಡಾಕ್ಟರ್ ಸಬೀನೆಯ ಕಿವಿಯಲ್ಲಿ ಏನೋ ಕೇಳಿ, ಒಂದು ಕ್ಯಾನು ತೆಗೆದುಕೊಂಡು ಗಂಭೀರವಾಗಿ ಶೆಡ್ಡಿನ ಹಿಂದೆ ಹೋದ. ಪೊಲೀಸಿನವನೂ ಟೋಪಿ ಸರಿಮಾಡಿಕೊಂಡು ಅವನನ್ನು ಹಿಂಬಾಲಿಸಿದ. ಸರ್ಕಾರ ನಮ್ಮ ಬೇಟೆಗಾರರಿಗೆ ಏನೂ ಕೊಟ್ಟಿಲ್ಲವೆಂದು ಇನ್ನು ಮೇಲೆ ಯಾರೂ ಹೇಳುವ ಹಾಗಿಲ್ಲ.

ಈ ಸಲ ವಾಸನೆ ಮೂಗನ್ನಷ್ಟೇ ಅಲ್ಲ, ಕಣ್ಣನ್ನೂ ಕಚ್ಚಿತು. ಬೆನೆಡಿಕ್ತೆ ಗಂಡನ ಹಾಸಿಗೆಯನ್ನು ಶೆಡ್ಡಿಗೇ ಸಾಗಿಸಿದಳು. ಆದರೆ ತೊಗಲು ತೊಳೆಯುವ ದಿನ ತಾನೇ ಬಂದು ಇನ್ನೊಂದು ತುದಿ ಹಿಡಿದು ಹಿಂಡಿದಳು. ಎನೋಕ್ ಅದನ್ನು ಶೆಡ್ಡಿನ ಹಿಂದೆ ಅಡಗಿಸಿಡಲಿಲ್ಲ. ಚೌಕಟ್ಟಿಗೆ ಬಿಗಿದು, ಅಂಗಡಿಗೆ ಹೋಗುವ ದಾರಿಯಲ್ಲಿ ಎಲ್ಲರಿಗೂ ಕಾಣುವ ಹಾಗೆ ನಿಲ್ಲಿಸಿದ. ಚಳಿ ಅದನ್ನು ಕಚ್ಚಿತು, ಗಾಳಿ ತಿಕ್ಕಿತು, ಬಿಸಿಲು ಹೀರಿತು. ದಿನದಿಂದ ದಿನಕ್ಕೆ ತೊಗಲು ಬೆಳ್ಳಗಾಗುತ್ತ ಹೋಗಿ ಕಡೆಗೆ ಹಿಮದ ಮುಂದೆ ಇಟ್ಟರೆ ಅಂಚು ಎಲ್ಲಿದೆಯೆಂದು ಹುಡುಕುವಂತಾಯಿತು. ಆದರೆ ಗಾಬಾನ ಚಹಾದ ಕಲೆ ಮಾತ್ರ ಹೋಗಲಿಲ್ಲ. ನಟ್ಟನಡುವೆ, ಉದ್ದಕ್ಕೆ, ಹಾಗೆಯೇ ಕೂತಿತ್ತು.

"ಭಾವ, ಇದನ್ನ ನೋಡಿದ್ರೆ ಸೀಲ್ ನಕ್ಕೂ ನಕ್ಕೂ ಸಾಯುತ್ತೆ, ಗುಂಡು ಉಳೀತು ಬಿಡು," ಎಂದ ಗಾಬಾ.

ರೆಗಿನೆ, "ಆ ಭಾಗ ಕತ್ತರಿಸಿ ತೆಗಿ, ಅಂಚಿನ ತುಂಡಿಂದ ತೇಪೆ ಹಾಕ್ಕೊಡ್ತೀನಿ," ಎಂದಳು.

"ಕತ್ತರಿಸಲ್ಲ ಅತ್ತೆ," ಎಂದ ಎನೋಕ್. "ಇಷ್ಟು ದಿನ ಮುಚ್ಚಿಟ್ಟು ಕೆಟ್ಟಿದ್ದು ಸಾಕು. ನನ್ನ ತೊಗಲಿಗೆ ಯಾರು ಏನು ಮಾಡಿದ್ರು ಅಂತ ಸೀಲೂ ನೋಡ್ಲಿ."

ಮಂಜು ಇನ್ನೇನು ಒಡೆಯುವುದರಲ್ಲಿತ್ತು. ಅಲ್ಲಲ್ಲಿ ಕಪ್ಪು ಬಿರುಕುಗಳು ಕಾಣತೊಡಗಿದ್ದವು. ಒಂದು ಬೆಳಗ್ಗೆ ಎನೋಕನೂ ಗಾಬಾನೂ ಬಂಡಿ ಹೂಡಿ ಹೊರಟರು. ಊರೆಲ್ಲ ದುರ್ಬೀನು ಹಿಡಿದು ದಿಬ್ಬದ ಮೇಲೆ ನಿಂತಿತು. ಬೆನೆಡಿಕ್ತೆ ಬರುವುದಿಲ್ಲವೆಂದಿದ್ದವಳು ಎಲ್ಲರಿಗಿಂತ ಮುಂದೆ ನಿಂತಿದ್ದಳು.

ಗಾಬಾನ ಸರದಿ ಬೇಗ ಮುಗಿಯಿತು. ಅವನು ಅರ್ಧ ದಾರಿ ತೆವಳುವಷ್ಟರಲ್ಲಿ ಗಾಳಿ ಎದ್ದು ಅವನ ಹೊಸ ಬಟ್ಟೆ ಪಟಪಟ ಎಂದಿತು. ಅವನ ಸೀಲ್ ತಲೆ ಎತ್ತಿ ಒಮ್ಮೆ ನೋಡಿ ಮಂಜಿನಲ್ಲಿದ್ದ ತನ್ನ ತೂತಿನೊಳಕ್ಕೆ ಜಾರಿಕೊಂಡಿತು.

ಎನೋಕನ ಸೀಲ್ ದೂರದಲ್ಲಿ ಮಲಗಿತ್ತು. ಅವನು ತೊಗಲಿನ ಮರೆ ತಳ್ಳಿಕೊಂಡು ತೆವಳಿದ. ತೊಗಲು ಮಿಸುಕಲಿಲ್ಲ. ಇನ್ನಷ್ಟು ತೆವಳಿದ. ಸೀಲ್ ತಲೆ ಎತ್ತಿತು. ಎನೋಕ್ ತೆವಳುವುದನ್ನು ನಿಲ್ಲಿಸಿದ. ತೂತಿನಿಂದ ನೋಡಿದರೆ ಅದು ನೇರವಾಗಿ ಮರೆಯನ್ನೇ ದಿಟ್ಟಿಸುತ್ತಿದೆ, ಆ ಹಾಳು ಕಲೆಯನ್ನೇ. ಮುಗಿಯಿತು, ಕರಿಮೂತಿ ಹೋಯಿತು, ಎಂಟೂ ಹೋದವು, ಇನ್ನು ಉಳಿದದ್ದು ಜಾಕೆಟ್ ಒಂದೇ ಎಂದುಕೊಂಡ. ಸೀಲ್ ಇನ್ನೂ ನೋಡುತ್ತಲೇ ಇತ್ತು. ಹಿಮದ ಮೇಲೆ ಕಂದುಬಣ್ಣದ್ದೊಂದು ಉದ್ದಕ್ಕೆ ಮೈಚಾಚಿ ಬಿಸಿಲು ಕಾಯುತ್ತಿದೆ. ತನ್ನ ಜಾತಿಯದೇ ಯಾವುದೋ ಸೋಮಾರಿ ಎಂದು ಅದಕ್ಕೆ ತೋರಿರಬೇಕು. ಪಕ್ಕೆ ಕೆರೆದುಕೊಂಡಿತು, ಆಕಳಿಸಿತು, ಮತ್ತೆ ತಲೆಯಿಟ್ಟು ಮಲಗಿತು. ಎನೋಕ್ ಅದರ ಮೀಸೆ ಕಾಣುವಷ್ಟು ಹತ್ತಿರ ಹೋಗಿ ಗುಂಡು ಹಾರಿಸಿದ.

ದಿಬ್ಬದ ಮೇಲೆ ಎದ್ದ ಕೂಗು ಮಂಜಿನಾಚೆಗೂ ಕೇಳಿತು. ಕೂಗಿದವರಲ್ಲಿ ಯಾರ ದನಿ ದೊಡ್ಡದಿತ್ತೆಂದು ಕೇಳಿದರೆ ಬೆನೆಡಿಕ್ತೆ ಈಗಲೂ ಒಪ್ಪಿಕೊಳ್ಳುವುದಿಲ್ಲ. ನಾಯಿಗಳು ತಲೆ ಎತ್ತಿಕೊಂಡು, ಬಾಲ ಸುರುಳಿ ಮಾಡಿಕೊಂಡು, ಬೇಕೆಂದೇ ಗಾಬಾನ ಮನೆಯ ಮುಂದಿನಿಂದ ಬಂಡಿ ಎಳೆದು ತಂದವು. ಕ್ಯಾನು ತುಂಬಿಸಿದ ಪ್ರತಿ ಮನೆಗೂ ಮಾಂಸದ ಪಾಲು ಹೋಯಿತು. ಡಾಕ್ಟರಿಗೂ ಪೊಲೀಸಿನವನಿಗೂ ಹೆಲಿಕಾಪ್ಟರಿನಲ್ಲಿ ಹೋಯಿತು. ಎಲ್ಲಕ್ಕಿಂತ ರುಚಿಯ ಭಾಗವಾದ ಈಲಿಯ ಮೊದಲ ತುಂಡನ್ನು ಎನೋಕ್ ತಾನೇ ಅತ್ತೆಗೆ ಕೊಂಡುಹೋಗಿ ಕೊಟ್ಟ.

"ಕೂತ್ಕೋ ಎನೋಕ್, ಕಾಫಿ ಕುಡಿ," ಎಂದಳು ರೆಗಿನೆ. ಕೆಟಲಿಗೆ ಆ ದಿನ ಮಾತಿಲ್ಲದೆ ಹೋಯಿತು.

ಆ ಸಂಜೆಯ ಬೆಳಕಿನಲ್ಲಿ ಶೆಡ್ಡಿನ ಬಾಗಿಲು ಯಾರೋ ಮೆಲ್ಲಗೆ ತಟ್ಟಿದರು. ಎನೋಕ್ ತೆಗೆದು ನೋಡಿದರೆ ಗಾಬಾ. ಒಂದು ಕಂಕುಳಲ್ಲಿ ಹಸಿ ಸೀಲಿನ ತೊಗಲಿನ ಸುರುಳಿ, ಇನ್ನೊಂದು ಕೈಯಲ್ಲಿ ಚಹಾದ ಪಾತ್ರೆ.

"ಭಾವ," ಎಂದ, ಅತ್ತಿತ್ತ ನೋಡುತ್ತ. "ಬರೋ ವರ್ಷಕ್ಕೆ... ನಂಗೂ ಒಂದು... ಕಲೆ ಸಮೇತ ಬೇಕು. ಚಹಾ ನಾನೇ ತಂದಿದೀನಿ."

ಎನೋಕ್ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಪಾತ್ರೆಯನ್ನು ಅವನ ಕೈಯಿಂದ ತೆಗೆದುಕೊಂಡು, ಒಂದು ಲೋಟಕ್ಕೆ ಬಗ್ಗಿಸಿ ತಾನು ಕುಡಿದ. ಆಮೇಲೆ ಮೂಲೆಯಿಂದ ಒಂದು ಖಾಲಿ ಕ್ಯಾನು ಎತ್ತಿ ಅಧ್ಯಕ್ಷರ ಕೈಗೆ ಕೊಟ್ಟ.

"ಮೊದಲು ಇದನ್ನ ತುಂಬಿಸಿ ತಾ ಭಾಮೈದ," ಎಂದ. "ನಿಂದೇ ಆಗಿರಬೇಕು. ಒಳಗೆ ನಿಮ್ಮಮ್ಮ ಮೂಸಿ ನೋಡೋಕೆ ಕಾಯ್ತಿದಾರೆ."